ಇಸ್ರೇಲಿನ ಅಜ್ಜಿಗೆ ಒಂದು ಎಲೆ

ಬೆಳುವಾಯಿಯ ವಾರಿಜಾಕ್ಷಿಗೆ ಒಂದು ವಿಷಯ ತಿಳಿಯಬೇಕೆಂದಾದರೆ ಅದು ತಿಳಿಯುವವರೆಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಮೂಡುಬಿದಿರೆ ತಲುಪುವ ಮೊದಲೇ ತಮ್ಮ ಮನೆಯ ಹೆಸರು, ಅಳಿಯನ ಉದ್ಯೋಗ, ಮಂಡಿನೋವಿನ ಮದ್ದು ಎಲ್ಲವನ್ನೂ ಅವಳಿಗೆ ಒಪ್ಪಿಸಿಯೇ ಇಳಿಯಬೇಕು. ಅಂಥವಳ ಸ್ವಂತ ಸೊಸೆ ಯುದ್ಧ ನಡೆಯುವ ದೇಶದಿಂದ ಮನೆಗೆ ಬಂದು ಎರಡು ವಾರ ಕಳೆದಿತ್ತು. ಆದರೂ ಒಂದು ಸಂಗತಿ ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ತಲೆಯ ಮೇಲೆ ಕ್ಷಿಪಣಿ ಹಾರುವ ಊರಿಗೆ ಈ ಹುಡುಗಿ ವಾಪಸು ಹೋಗಬೇಕೆನ್ನುವುದು ಯಾಕೆ?

ಸೊಸೆ ಮೋಕ್ಷಿತಾ ನೆರಿಯ ಎಂಬ ಊರಿನ ಕಡೆಯವಳು. ಮಗಳು ಸಾತ್ವಿಕಾಳಿಗೆ ಮೂರು ವರ್ಷವಾದಾಗ ಇಸ್ರೇಲಿಗೆ ಹೋದವಳು. ಅಲ್ಲಿ ಪೆನಿನಾ ಎಂಬ ಒಂಟಿ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಈ ಕಡೆಯಿಂದ ಆ ಕೆಲಸಕ್ಕೆ ಹೋದವರು ಊರಿಗೊಬ್ಬರಾದರೂ ಸಿಗುತ್ತಾರೆ. ರಸ್ತೆ ಬದಿಯಲ್ಲಿ ಎದ್ದಿರುವ ಎಷ್ಟೋ ತಾರಸಿ ಮನೆಗಳು ಯಾವುದೋ ದೇಶದ ಮುದುಕರ ಬೆನ್ನು ಉಜ್ಜಿ ಕಟ್ಟಿದವು. ವಾರಿಜಾಕ್ಷಿಯ ಮನೆಯೂ ಹಾಗೆಯೇ. ಮಗ ನಿತೇಶ್ ಪಿಕಪ್ ಓಡಿಸುತ್ತಾನೆ, ಮೂಡುಬಿದಿರೆಯ ಹಾಸ್ಟೆಲುಗಳಿಗೆ ತರಕಾರಿ ಮುಟ್ಟಿಸುತ್ತಾನೆ. ಹೆಂಡತಿ ಇಲ್ಲದ ಐದು ವರ್ಷಗಳಲ್ಲಿ ಅವನು ಅಡುಗೆ ಕಲಿತ, ಮಗಳಿಗೆ ಜಡೆ ಹಾಕಲು ಕಲಿತ, ತಂದೆ ಮಾಯಿಲಪ್ಪ ಹಾಸಿಗೆ ಹಿಡಿದಾಗ ಅವರ ಮೈ ಒರೆಸಲೂ ಕಲಿತ. ಮಾಯಿಲಪ್ಪ ತೀರಿಕೊಂಡ ದಿನ ಮೋಕ್ಷಿತಾಳಿಗೆ ಬರಲಾಗಲಿಲ್ಲ, ಆಗ ಪೆನಿನಾಳ ಸೊಂಟದ ಮೂಳೆ ಮುರಿದಿತ್ತು. ಮಾವನ ಚಿತೆಗೆ ಬೆಂಕಿ ಕೊಟ್ಟದ್ದನ್ನು ಸೊಸೆ ಫೋನಿನಲ್ಲಿ ನೋಡಿದಳು. ಆ ಒಂದು ಸಿಟ್ಟು ವಾರಿಜಾಕ್ಷಿಯ ಹೊಟ್ಟೆಯಲ್ಲಿ ಕರಗದೆ ಉಳಿದಿತ್ತು.

ಈ ಜೂನಿನಲ್ಲಿ ಇರಾನಿನ ಕ್ಷಿಪಣಿಗಳು ಬೀಳತೊಡಗಿದಾಗ ನಿತೇಶ್ ಫೋನಿನಲ್ಲಿ ಒಂದೇ ಮಾತು ಹೇಳಿದ್ದ, ಆ ಮುದುಕಿಯೋ ನಾವೋ ಇವತ್ತೇ ತೀರ್ಮಾನ ಮಾಡು ಅಂತ. ಅವಳು ತೀರ್ಮಾನ ಮಾಡಿದಳು. ಬಸ್ಸಿನಲ್ಲಿ ಜೋರ್ಡನ್ ದಾಟಿ, ಅಲ್ಲಿಂದ ಸರ್ಕಾರದ ವಿಮಾನದಲ್ಲಿ ದಿಲ್ಲಿಗೆ, ದಿಲ್ಲಿಯಿಂದ ಮಂಗಳೂರಿಗೆ ಬಂದಿಳಿದಳು. ಕೈಯಲ್ಲಿ ಒಂದೇ ಚೀಲ. ವಾಪಸು ಹೋಗುವ ವೀಸಾ ಮಾತ್ರ ಸೆಪ್ಟೆಂಬರಿನವರೆಗೆ ಇತ್ತು. ಬಂದ ಮರುದಿನವೇ ಅವಳು ಅದನ್ನು ಗಂಡನಿಗೆ ಹೇಳಿದಳು, ಅವನು ಕೇಳಿಸದವನಂತೆ ಟೊಮೆಟೊ ಬುಟ್ಟಿಗಳನ್ನು ಗಾಡಿಗೆ ಏರಿಸಿದ.

ಮನೆಯಲ್ಲಿ ಅವಳಿಗೆ ಕೈ ಇಡಲು ಜಾಗವಿರಲಿಲ್ಲ. ಸಾರಿಗೆ ಬೆಳ್ಳುಳ್ಳಿ ಜಜ್ಜಲು ಹೋದರೆ ನಿತೇಶ್, ಸಾತ್ವಿಕಾಳಿಗೆ ಬೆಳ್ಳುಳ್ಳಿ ಆಗುವುದಿಲ್ಲ ಎಂದು ಕೈಯಿಂದ ತೆಗೆದುಕೊಂಡ. ಜಡೆ ಹಾಕಲು ಹೋದರೆ ಮಗು, ಪಪ್ಪ ಹಾಕಿದ ಹಾಗೆ ಬಿಗಿ ಬರುವುದಿಲ್ಲ ಎಂದು ಬಿಚ್ಚಿಕೊಂಡಿತು. ಉಪ್ಪಿನ ಭರಣಿ ಎಲ್ಲಿದೆ ಎಂದು ತಾನು ಕಟ್ಟಿಸಿದ ಮನೆಯಲ್ಲಿ ತಾನೇ ಕೇಳಬೇಕಾಯಿತು. ಪಾತ್ರೆ ತೊಳೆಯುವ ಕೆಲಸ ಒಂದು ಉಳಿದಿತ್ತು. ಅದನ್ನೇ ಅವಳು ದಿನವೂ ತಿಕ್ಕಿ ತಿಕ್ಕಿ ಮಾಡುತ್ತಿದ್ದಳು.

ಬೆಳಿಗ್ಗೆ ಗಂಜಿ ಮುಗಿದ ಹೊತ್ತಿಗೆ ಮಾತ್ರ ಅವಳು ಬೇರೆಯೇ ಹೆಂಗಸಾಗುತ್ತಿದ್ದಳು. ಆಗ ಪೆನಿನಾಳ ವೀಡಿಯೋ ಕರೆ ಬರುತ್ತಿತ್ತು. ಪೆನಿನಾಳ ಮಗಳು ದೂರದ ಊರಿನಿಂದ ಬಂದು, ಬೇರೊಬ್ಬಳನ್ನು ಕೆಲಸಕ್ಕೆ ನೇಮಿಸಿ ಹೋಗಿದ್ದಳು. ಆದರೆ ಮೋಕ್ಷಿತಾ ಫೋನಿನಲ್ಲಿ ಹೇಳದೆ ಮುದುಕಿ ಮಾತ್ರೆ ನುಂಗುತ್ತಿರಲಿಲ್ಲ. ಮನೆಯಲ್ಲಿ ಹೂಂ, ಉಹೂಂ ಎನ್ನುವ ಸೊಸೆ ಆ ಗೊರಗೊರ ಭಾಷೆಯಲ್ಲಿ ಮಳೆ ಸುರಿದಂತೆ ಮಾತಾಡುವುದು, ನಗುವುದು, ಗದರಿಸುವುದು! ವಾರಿಜಾಕ್ಷಿ ಅಡಕೆ ಹೋಳು ಮಾಡುವ ನೆಪದಲ್ಲಿ ಪಕ್ಕದಲ್ಲಿ ಬಂದು ಕುಳಿತಳು. ಮೊದಲು ಕಿವಿ ಕೊಟ್ಟಳು, ಎರಡನೇ ದಿನ ತಲೆ ಚಾಚಿದಳು. ಮೂರನೇ ದಿನ ಮುದುಕಿಯೇ ಇವಳನ್ನು ಕಂಡು ಕೈ ಬೀಸಿದಳು.

"ಏನಂತೆ ಅವಳಿಗೆ?" ಎಂದು ಕೇಳಿದಳು ವಾರಿಜಾಕ್ಷಿ.

"ನಿಮ್ಮ ಮೂಗುತಿ ಚಿನ್ನದ್ದಾ ಅಂತ ಕೇಳ್ತಾರೆ ಅತ್ತೆ."

ತನ್ನಂಥವಳೇ ಇನ್ನೊಬ್ಬಳು ಅಲ್ಲಿ ಕುಳಿತಿದ್ದಾಳೆಂದು ವಾರಿಜಾಕ್ಷಿಗೆ ಆ ಕ್ಷಣವೇ ಗೊತ್ತಾಯಿತು. ಆಮೇಲೆ ಭಾಷೆಯ ಹಂಗು ಯಾರಿಗೆ? ಇವಳು ಹಲಸಿನ ಬೀಜ ತೋರಿಸುವಳು, ಅವಳು ತನ್ನ ಹಲ್ಲಿನ ಸೆಟ್ಟು ತೆಗೆದು ತೋರಿಸುವಳು. ಇವಳು ಕೆಮ್ಮಿದರೆ ಅವಳು ಅಲ್ಲಿಂದ ಬೈಯುವಳು. ಒಂದು ದಿನ ಪಕ್ಕದ ಮನೆಯ ರುಖಿಯಮ್ಮ ಹುಳಿಖಾರದ ಮೀನು ಪುಳಿಮುಂಚಿ ತಂದವಳು ಇದನ್ನೆಲ್ಲ ನೋಡುತ್ತ ನಿಂತಳು. ಕರೆ ಮುಗಿದ ಮೇಲೆ ಅವಳು ಮೋಕ್ಷಿತಾಳನ್ನು ಮೆಲ್ಲಗೆ ಕೇಳಿದಳು, ಗಾಝಾದಲ್ಲಿಯೂ ಇಂಥ ಅಜ್ಜಿಯರಿದ್ದಾರಲ್ಲ ಮಗಾ, ಅವರಿಗೆ ಮಾತ್ರೆ ಕೊಡುವವರು ಯಾರು ಅಂತ.

ಮೋಕ್ಷಿತಾ ತಲೆ ತಗ್ಗಿಸಿದಳು. "ಗೊತ್ತಿಲ್ಲ ರುಖಿಯಮ್ಮ. ನೆನಪಾದರೆ ನನಗೂ ಊಟ ಸೇರುವುದಿಲ್ಲ. ಆದರೆ ನನ್ನ ಕೈಯಲ್ಲಿ ಇದ್ದದ್ದು ಇವರೊಬ್ಬರ ಮಾತ್ರೆ ಮಾತ್ರ."

ರುಖಿಯಮ್ಮ ಹೂಂ ಎಂದು ಅವಳ ತಲೆ ಸವರಿ ಹೋದಳು. ಪುಳಿಮುಂಚಿಯ ಪಾತ್ರೆಯನ್ನು ಮರುದಿನ ಬೆಲ್ಲ ತುಂಬಿಸಿ ಹಿಂದೆ ಕಳಿಸಿದರು.

ಜಗಳ ಹುಟ್ಟಿದ್ದು ಸಾತ್ವಿಕಾಳ ಒಂದು ಪ್ರಶ್ನೆಯಿಂದ. ರಾತ್ರಿಯ ಊಟಕ್ಕೆ ಕುಳಿತಾಗ ಅವಳು, ಸೈರನ್ ಆದರೆ ಏನು ಮಾಡುವುದು ಅಮ್ಮಾ ಎಂದು ಕೇಳಿದಳು. ಕೆಳಗಿನ ಗಟ್ಟಿ ಕೋಣೆಗೆ ಓಡುವುದು ಎಂದಳು ಮೋಕ್ಷಿತಾ. ಗಾಲಿಕುರ್ಚಿಯ ಅಜ್ಜಿಯೂ ಓಡುತ್ತಾರಾ ಎಂದು ಮಗು. ಸುಳ್ಳು ಹೇಳಲು ಬಾರದ ಹೆಂಗಸು, ನಿಜವನ್ನೇ ಹೇಳಿಬಿಟ್ಟಳು. ಸೈರನ್ ಆದಾಗ ಲಿಫ್ಟು ಹತ್ತಬಾರದು, ಮೆಟ್ಟಿಲಲ್ಲಿ ಕುರ್ಚಿ ಇಳಿಸಲಾಗುವುದಿಲ್ಲ. ಪೆನಿನಾ ಪ್ರತಿ ಸಲವೂ ನೀನು ಹೋಗು ಎಂದು ಕೈಯಲ್ಲಿ ದೂಡುತ್ತಿದ್ದಳು. ಇವಳು ಅವಳನ್ನು ಮೆಟ್ಟಿಲ ತಿರುವಿನ ಗೋಡೆಗೆ ಒರಗಿಸಿ, ಅಪ್ಪಿ ಹಿಡಿದು ಅಲ್ಲಿಯೇ ಕುಳಿತುಕೊಳ್ಳುತ್ತಿದ್ದಳು.

ನಿತೇಶನ ಕೈ ತಟ್ಟೆಯಲ್ಲಿಯೇ ನಿಂತಿತು. "ನೀನು ಕೆಳಗೆ ಹೋಗಲೇ ಇಲ್ಲವಾ?"

"ಇಲ್ಲ."

"ಒಂದು ಸಲವೂ?"

"ಅವರನ್ನು ಬಿಟ್ಟು ಹೇಗೆ ಹೋಗುವುದು?"

"ಇಲ್ಲಿ ನಿನಗೊಂದು ಮಗು ಉಂಟು ಅಂತ ಆಗ ನೆನಪಾಗಲಿಲ್ಲವಾ? ಯಾರದ್ದೋ ಅಮ್ಮನಿಗೋಸ್ಕರ ಇವಳನ್ನು ತಬ್ಬಲಿ ಮಾಡುವುದಕ್ಕೆ ಹೊರಟವಳು ನೀನು." ಅವನು ಊಟ ಬಿಟ್ಟು ಎದ್ದ. "ನನ್ನ ಅಪ್ಪ ಸಾಯುವಾಗ ಬರಲಿಲ್ಲ. ಅವಳೊಟ್ಟಿಗೆ ಸಾಯಲಿಕ್ಕೆ ಮಾತ್ರ ತಯಾರು."

ಮೋಕ್ಷಿತಾ ಅವನ ತಟ್ಟೆ ಎತ್ತಿ ತೊಳೆಯಲು ಒಯ್ದಳು. ವಾರಿಜಾಕ್ಷಿಯ ಬಾಯಿ ಮಗನ ಪಕ್ಷ ಹಿಡಿಯಲು ತೆರೆದದ್ದು, ಯಾಕೋ ಮುಚ್ಚಿಕೊಂಡಿತು. ಹಾಸಿಗೆ ಹಿಡಿದ ಮಾಯಿಲಪ್ಪನನ್ನು ಬಿಟ್ಟು ತಾನು ಮೆಟ್ಟಿಲು ಇಳಿಯುತ್ತಿದ್ದೆನೇ ಎಂದು ಅವಳು ಯೋಚಿಸುತ್ತಿದ್ದಳು. ಇಳಿಯುತ್ತಿರಲಿಲ್ಲ, ಖಂಡಿತ. ಆದರೆ ಅವನು ಗಂಡ. ಇದು ಸಂಬಳದ ಮುದುಕಿ. ಅಲ್ಲಿಗೆ ಅವಳ ಲೆಕ್ಕ ಸಿಕ್ಕುಬಿದ್ದಿತು. ಗಂಡಹೆಂಡಿರು ಆ ದಿನದಿಂದ ಮಗುವಿನ ಮೂಲಕ ಮಾತಾಡತೊಡಗಿದರು, ಪಪ್ಪನಿಗೆ ಹೇಳು, ಅಮ್ಮನಿಗೆ ಹೇಳು ಅಂತ. ಈ ಸೊಸೆ ಹೋದರೂ ಮನೆ ಒಡೆಯುತ್ತದೆ, ಹೀಗೆಯೇ ಇದ್ದರೂ ಒಡೆಯುತ್ತದೆ ಎಂದು ವಾರಿಜಾಕ್ಷಿಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಜುಲೈ ನಡುವಿಗೆ ಆಟಿ ತಿಂಗಳು ಹುಟ್ಟಿತು, ಪೆನಿನಾಳ ಕರೆ ನಿಂತಿತು.

ಮೊದಲ ದಿನ ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡರು. ಮತ್ತೆ ಮೂರು ದಿನವಾದರೂ ಆ ಫೋನು ಸ್ವಿಚ್ ಆಫ್. ಮಗಳಿಗೆ ಕರೆ ಮಾಡಿದರೆ ಅವಳು ಎತ್ತಲೇ ಇಲ್ಲ. ಯುದ್ಧದ ಮಧ್ಯೆ ನನ್ನ ಅಮ್ಮನನ್ನು ಬಿಟ್ಟು ಓಡಿದೆ ಎಂದು ಬೈದು, ಅದೇ ಸಿಟ್ಟಿನಲ್ಲಿ ಅವಳು ಮೋಕ್ಷಿತಾಳ ನಂಬರನ್ನು ಎಂದೋ ತಡೆದಿಟ್ಟಿದ್ದಳು. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಅಕ್ಷಿತಾ ಎಂಬ ಮೂಡುಬಿದಿರೆಯ ಹುಡುಗಿ ಕೆಲಸಕ್ಕಿದ್ದಳು. ಮೋಕ್ಷಿತಾ ಅವಳನ್ನು ನೋಡಿಕೊಂಡು ಬಾ ಎಂದು ಕಳಿಸಿದಳು. ಮನೆಗೆ ಬೀಗ, ಬಾಗಿಲಿನ ಹೆಸರು ಕಿತ್ತಿದ್ದಾರೆ ಅಕ್ಕಾ ಎಂದು ಅಕ್ಷಿತಾ ಹೇಳಿ ಒಂದು ಫೋಟೋ ಕಳಿಸಿದಳು. ರಸ್ತೆಯ ಬದಿಯಲ್ಲಿ, ಕಸದ ತೊಟ್ಟಿಯ ಪಕ್ಕ, ಪೆನಿನಾಳ ಮಂಚ, ಹಾಸಿಗೆ, ಗಾಲಿಕುರ್ಚಿ.

ಫೋಟೋ ನೋಡಿದ್ದೇ ವಾರಿಜಾಕ್ಷಿ ಎದೆ ಮುಟ್ಟಿಕೊಂಡಳು. ಬದುಕಿರುವವರ ಹಾಸಿಗೆಯನ್ನು ಯಾರಾದರೂ ಬೀದಿಗೆ ಹಾಕುತ್ತಾರೆಯೇ? ಮಾಯಿಲಪ್ಪನ ಹಾಸಿಗೆಯನ್ನು ಹೊರಗೆ ಹಾಕಿದ್ದು ಅವನ ಹೆಣ ಎತ್ತಿದ ಮೇಲೆ. ಈ ಊರಿನಲ್ಲಿ ಹಾಸಿಗೆ ಹೊರಗೆ ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ. ಮೋಕ್ಷಿತಾಳೂ ಇದೇ ಮಣ್ಣಿನವಳು, ಅವಳಿಗೂ ಅದೇ ಅರ್ಥ ಹೊಳೆಯಿತು. ಅವಳು ಗೋಡೆಗೆ ಒರಗಿ ಕುಳಿತು ಬಾಯಿಬಿಟ್ಟು ಅತ್ತಳು. ನಾನು ಬಿಟ್ಟು ಬಂದೆ, ಅದಕ್ಕೇ ಹೋದರು ಎಂದು ಅತ್ತಳು. ನಿತೇಶ್ ಬಾಗಿಲಲ್ಲಿ ನಿಂತು ನೋಡಿದ, ನೀರಿನ ಲೋಟ ತಂದು ಪಕ್ಕದಲ್ಲಿಟ್ಟ. ಮಗುವಿನ ಮೂಲಕ ಕಳಿಸಲಿಲ್ಲ, ತಾನೇ ಇಟ್ಟ.

ಆ ವಾರವೇ ಮಾಯಿಲಪ್ಪನಿಗೆ ಬಡಿಸುವುದಿತ್ತು. ಆಟಿಯಲ್ಲಿ ಮನೆಯಿಂದ ಹೋದವರಿಗೆ ಅವರ ಇಷ್ಟದ್ದನ್ನೆಲ್ಲ ಬೇಯಿಸಿ, ಒಳಕೋಣೆಯಲ್ಲಿ ಬಾಳೆಲೆ ಹಾಕಿ ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಹೊರಗೆ ಕುಳಿತುಕೊಳ್ಳುವುದು ಇಲ್ಲಿಯ ಕ್ರಮ. ಅವರು ಬಂದು ಉಂಡು ಹೋಗುತ್ತಾರೆ. ಅವರ ಊಟವಾದ ಮೇಲೆ ಮನೆಯವರದ್ದು.

"ಇನ್ನೊಂದು ಎಲೆ ಹಾಕುವ," ಎಂದಳು ವಾರಿಜಾಕ್ಷಿ. "ಅವಳಿಗೆ ಅಲ್ಲಿ ಬಡಿಸುವವರು ಯಾರಿದ್ದಾರೆ? ಇಲ್ಲಿ ಉಂಡು ಹೋಗಲಿ."

ಅವಳ ಮನಸ್ಸಿನಲ್ಲಿ ಕನಿಕರವಿತ್ತು, ಇಲ್ಲವೆಂದಲ್ಲ. ಎಲೆ ಹಾಕಿ ಕಳಿಸಿಕೊಟ್ಟರೆ ಸೊಸೆಯ ಋಣ ಹರಿಯುತ್ತದೆ, ಇನ್ನು ಅವಳು ಇಲ್ಲಿಯವಳೇ ಎಂಬ ಆಸೆಯೂ ಅದರ ಪಕ್ಕದಲ್ಲಿಯೇ ಕುಳಿತಿತ್ತು. ನಿತೇಶ್ ಬೇಡವೆನ್ನಲಿಲ್ಲ. ಎಲೆ ಕೊಯ್ದು ತಂದವನು ಅವನೇ.

ಆ ದಿನ ಮೊದಲ ಸಲ ಮೋಕ್ಷಿತಾಳಿಗೆ ಅಡುಗೆಮನೆ ಸಿಕ್ಕಿತು. ಮಾಯಿಲಪ್ಪನಿಗೆ ಕೋಳಿಸುಕ್ಕ, ಬಂಗುಡೆ. ಪೆನಿನಾಳಿಗೆ ಏನು ಎಂದರೆ, ಮೋಕ್ಷಿತಾ ಅಲ್ಲಿ ಮಾಡಿಕೊಡುತ್ತಿದ್ದ ನೀರುದೋಸೆ, ಅದರ ಮೇಲೆ ಸಕ್ಕರೆ, ನಿಂಬೆಹಣ್ಣಿನ ಚಹಾ. ಮಾಂಸ ಹಾಲು ಅವರ ಮನೆಯಲ್ಲಿ ಒಟ್ಟಿಗೆ ಇಡುವುದಿಲ್ಲ ಅತ್ತೆ ಎಂದು ಮೋಕ್ಷಿತಾ ಹೇಳಿದಾಗ ವಾರಿಜಾಕ್ಷಿಗೆ ದುಃಖದ ನಡುವೆಯೂ ಹೊಸ ಚಿಂತೆ ಹತ್ತಿತು. ತೆಂಗಿನಕಾಯಿ ಹಾಲು ಹಾಲಿನ ಲೆಕ್ಕವೋ ಅಲ್ಲವೋ? ಅಲ್ಲ ಎಂದು ಗೊತ್ತಾದ ಮೇಲೂ, ಯಾವುದಕ್ಕೂ ಇರಲಿ ಎಂದು ಮುದುಕಿಯ ಎಲೆಯನ್ನು ಕೋಳಿಯಿಂದ ದೂರ, ಕಿಟಕಿಯ ಮೂಲೆಗೆ ಹಾಕಿಸಿದಳು. ದೀಪ ಹಚ್ಚಿದರು. ವಾರಿಜಾಕ್ಷಿ ಗಂಡನನ್ನು ಕರೆದಳು. ಮೋಕ್ಷಿತಾ ಪೆನಿನಾಳನ್ನು ಅವಳದ್ದೇ ಭಾಷೆಯಲ್ಲಿ ಕರೆದಳು. ಬಾಗಿಲು ಎಳೆದುಕೊಂಡು ನಾಲ್ವರೂ ಚಾವಡಿಯಲ್ಲಿ ಸದ್ದಿಲ್ಲದೆ ಕುಳಿತರು.

ಆಗ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಮೋಕ್ಷಿತಾ ಒತ್ತಿದಳು. ಪರದೆಯ ತುಂಬ ಪೆನಿನಾಳ ಮುಖ.

ವಾರಿಜಾಕ್ಷಿ ಅಯ್ಯೋ ದೇವರೇ ಎಂದು ಕುಳಿತಲ್ಲೇ ಹಿಂದಕ್ಕೆ ಸರಿದಳು. ಕರೆದದ್ದು ಇಷ್ಟು ಬೇಗ ಮುಟ್ಟಿತೇ ಎಂದು ಒಳಕೋಣೆಯ ಬಾಗಿಲನ್ನು ನೋಡಿದಳು. ಆದರೆ ಸತ್ತವರು ಹಾಗೆ ಸೀನುವುದಿಲ್ಲ. ಸಂಗತಿ ನಿಧಾನಕ್ಕೆ ಬಿಡಿಸಿಕೊಂಡಿತು. ಜೂನಿನಲ್ಲಿ ಎದುರಿನ ಕಟ್ಟಡಕ್ಕೆ ಕ್ಷಿಪಣಿ ಬಿದ್ದಾಗ ಇವರ ಕಟ್ಟಡವೂ ಬಿರುಕು ಬಿಟ್ಟಿತ್ತು, ಈಗ ಎಲ್ಲರನ್ನೂ ಖಾಲಿ ಮಾಡಿಸಿದ್ದರು. ಮಗಳು ತಾಯಿಗೆ ಹೊಸ ಗಾಲಿಕುರ್ಚಿ ಕೊಂಡು ತನ್ನ ಊರಿಗೆ ಕರೆದೊಯ್ದಿದ್ದಳು. ಹಳೆಯ ಸಾಮಾನನ್ನು ಬೇಕಾದವರು ಒಯ್ಯಲಿ ಎಂದು ರಸ್ತೆಗಿಟ್ಟು ಹೋಗುವುದು ಅಲ್ಲಿ ದಿನದ ಮಾತು. ಗಡಿಬಿಡಿಯಲ್ಲಿ ಫೋನು ಕಳೆದಿತ್ತು. ಮೋಕ್ಷಿತಾಳಿಗೆ ಇದು ತಿಳಿಯದ ವಿಷಯವಲ್ಲ, ಐದು ವರ್ಷ ಆ ಬೀದಿಯಲ್ಲಿ ಓಡಾಡಿದವಳು. ಆದರೆ ಹಾಸಿಗೆ ಕಂಡಾಗ ಅವಳ ಕಣ್ಣು ನೆರಿಯ ಊರಿನ ಕಣ್ಣಾಗಿಬಿಟ್ಟಿತ್ತು.

ಎಲ್ಲರೂ ಕಣ್ಣು ಒರೆಸಿಕೊಳ್ಳುವುದನ್ನು ಕಂಡು ಪೆನಿನಾ, ಯಾಕೆ ಅಳುತ್ತಿದ್ದೀರಿ ಎಂದು ಕೇಳಿದಳು. ಸುಳ್ಳು ಬಾರದವಳು ಮತ್ತೊಮ್ಮೆ ನಿಜ ಹೇಳಿದಳು. ಮುದುಕಿ ಕೆಮ್ಮು ಬರುವಷ್ಟು ನಕ್ಕಳು. ನನ್ನ ಎಲೆ ತೋರಿಸು ಎಂದಳು.

ಬಾಗಿಲು ತೆರೆಯುವ ಹೊತ್ತಾಗಿರಲಿಲ್ಲ. ವಾರಿಜಾಕ್ಷಿ ಕ್ಷಣ ಯೋಚಿಸಿ, ನಿನ್ನ ಮಾವ ಒಂದು ತುತ್ತು ತಡೆಯಲಿ ಎಂದು ತಾನೇ ಬಾಗಿಲು ತಳ್ಳಿದಳು. ಪೆನಿನಾ ಎರಡೂ ಎಲೆಗಳನ್ನು ನೋಡಿ, ಅವನಿಗೆ ಮಾತ್ರ ಕೋಳಿ ಯಾಕೆ ಎಂದು ವಿಚಾರಿಸಿದಳು. ಎಲ್ಲರೂ ನಕ್ಕರು, ನಿತೇಶನೂ ನಕ್ಕ. ನೀರುದೋಸೆಯನ್ನು ನೋಡುತ್ತ ನೋಡುತ್ತ ಮುದುಕಿಯ ಮುಖ ಸಣ್ಣದಾಯಿತು. ಅವಳು ಅಳತೊಡಗಿದಾಗ ಮಗಳು ಫೋನು ತೆಗೆದುಕೊಂಡು ಇಂಗ್ಲಿಷಿನಲ್ಲಿ ಮಾತಾಡಿದಳು. ಅಮ್ಮ ಹೊಸ ಊರಿನಲ್ಲಿ ಅನ್ನ ಬಿಟ್ಟಿದ್ದಾರೆ. ನೇಮಿಸಿದವಳು ಬಿಟ್ಟು ಹೋದಳು. ನೀನು ಬಂದರೆ ಸರಿ, ಇಲ್ಲವಾದರೆ ವೃದ್ಧಾಶ್ರಮಕ್ಕೆ ಸೇರಿಸುವುದೊಂದೇ ದಾರಿ. ಅಂದು ಬೈದದ್ದಕ್ಕೆ ಕ್ಷಮಿಸು. ನಿತೇಶನಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತಿತ್ತು. ಅವನು ಊಟಕ್ಕೆ ನಿಲ್ಲದೆ ಗಾಡಿ ತೆಗೆದುಕೊಂಡು ಹೋದ.

ಮಧ್ಯಾಹ್ನ ಪಾತ್ರೆ ತೊಳೆಯುವಲ್ಲಿ ವಾರಿಜಾಕ್ಷಿ ಸೊಸೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಳು. "ಒಂದು ಮಾತು ಕೇಳ್ತೇನೆ. ಸಿಟ್ಟಿನಿಂದ ಅಲ್ಲ, ತಿಳಿಯದೆ ಕೇಳುವುದು. ನಿನಗೆ ಅಲ್ಲಿ ಏನು ಉಂಟು?"

ಮೋಕ್ಷಿತಾ ಬಾಣಲೆ ತಿಕ್ಕುತ್ತಲೇ ಹೇಳಿದಳು. "ಅಲ್ಲಿ ನಾನು ಬೇಕು ಅತ್ತೆ. ನಾನಿಲ್ಲದಿದ್ದರೆ ಅವರು ಉಣ್ಣುವುದಿಲ್ಲ. ಇಲ್ಲಿ ನೀವೆಲ್ಲ ನಾನಿಲ್ಲದೆ ಇರಲಿಕ್ಕೆ ಕಲಿತಿದ್ದೀರಿ. ಐದು ವರ್ಷ ದಿನಾ ಫೋನು ಮಾಡಿದೆ. ದಿನಾ ಇವರು ಹೇಳಿದ್ದು ಒಂದೇ. ಇಲ್ಲಿ ಎಲ್ಲ ಸರಿ ಉಂಟು, ನೀನು ತಲೆಬಿಸಿ ಮಾಡ್ಬೇಡ."

ವಾರಿಜಾಕ್ಷಿಗೆ ಉತ್ತರ ಸಿಕ್ಕಿತು, ಸಿಕ್ಕಿದ್ದು ಎದೆಗೆ ನಾಟಿತು. ಅವಳು ಸೊಸೆಯ ಕೈಯಿಂದ ಬಾಣಲೆ ತೆಗೆದುಕೊಂಡಳು. "ಬದುಕಿರುವವಳಿಗೆ ಎಲೆ ಹಾಕಿದ ಮನೆ ಇದು. ಅದು ಹಾಗೇ ಬಿಡುವ ಮಾತಲ್ಲ. ಬಡಿಸಿದ್ದನ್ನು ಅವಳು ಬಾಯಲ್ಲಿ ಉಣ್ಣಬೇಕು. ನೀನು ಹೋಗಿ ಉಣ್ಣಿಸು. ಅವಳಿಗೆ ಒಗ್ಗುವ ಇನ್ನೊಬ್ಬಳನ್ನು ಹುಡುಕಿ, ದೋಸೆ ಹೊಯ್ಯಲು ಕಲಿಸಿ, ಆಮೇಲೆ ವಾಪಸು ಬಾ. ಬರ್ತೇನೆ ಅಂತ ನನ್ನ ತಲೆ ಮುಟ್ಟಿ ಹೇಳು."

ಸಂಜೆ ಮಗನ ಸರದಿ. ಅಮ್ಮ ಹೇಳಿದ್ದನ್ನು ಕೇಳಿ ಅವನು, ನೀನು ಯಾರ ಕಡೆ ಎಂದ. ಈ ಮನೆಯ ಕಡೆ ಎಂದಳು ವಾರಿಜಾಕ್ಷಿ. ಮೋಕ್ಷಿತಾಳ ಮಾತನ್ನು ಒಂದಕ್ಷರ ಬಿಡದೆ ಅವನ ಮುಂದಿಟ್ಟಳು. ಅವನು ಪಿಕಪ್ಪಿನ ಹಿಂಬಾಗಿಲಿಗೆ ಒರಗಿ ನಿಂತ.

"ಅವಳಿಗೆ ಅಲ್ಲಿ ಬೇಜಾರಾಗಬಾರದು ಅಂತ ಹೇಳಿದ್ದಮ್ಮ."

"ಅದು ನನಗೆ ಗೊತ್ತುಂಟು ಮಾರಾಯ. ಅವಳಿಗೆ ಗೊತ್ತಿಲ್ಲ."

ಆಗಸ್ಟಿನ ಕೊನೆಯಲ್ಲಿ, ಇರಾನಿನ ಕ್ಷಿಪಣಿಗಳು ನಿಂತು ಎರಡು ತಿಂಗಳಾದ ಮೇಲೆ, ಮೋಕ್ಷಿತಾ ಹೊರಟಳು. ಹೊರಡುವ ಬೆಳಿಗ್ಗೆ ಸಾತ್ವಿಕಾ ಅಮ್ಮನ ಸೆರಗನ್ನು ಕೈಗೆ ಸುತ್ತಿಕೊಂಡು ಬಿಡದೆ ಅತ್ತಳು, ರುಖಿಯಮ್ಮ ಎತ್ತಿಕೊಂಡು ಹೋಗಬೇಕಾಯಿತು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ವಾರಿಜಾಕ್ಷಿಗೂ ಆಗ ಗೊತ್ತಾಗಲಿಲ್ಲ. ನಿತೇಶ್ ಪಿಕಪ್ಪಿನಲ್ಲಿಯೇ ಹೆಂಡತಿಯನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ. ದಾರಿಯಲ್ಲಿ ಏನು ಮಾತಾಡಿದಿರಿ ಎಂದು ಕೇಳಿದರೆ, ಏನಿಲ್ಲ, ಗಾಡಿಯಲ್ಲಿ ಈರುಳ್ಳಿ ವಾಸನೆ ಅಂತ ಹೇಳಿದಳು ಎಂದ.

ಮರುದಿನ ರಾತ್ರಿಯ ಗಂಜಿ ಊಟದ ಹೊತ್ತಿಗೆ ನಿತೇಶನಿಗೆ ಅವಳ ಕರೆ ಬಂತು. ಮುಟ್ಟಿದ್ದೇನೆ, ಪೆನಿನಾ ಎರಡು ದೋಸೆ ತಿಂದರು, ಅತ್ತೆಗೆ ಹೇಳಿ ಎಂದಳು. ಆಮೇಲೆ ಅಭ್ಯಾಸದಂತೆ ಕೇಳಿದಳು.

"ಅಲ್ಲಿ ಎಲ್ಲ ಸರಿ ಉಂಟಲ್ಲ?"

ನಿತೇಶ್ ಸೌಟು ಕೆಳಗಿಟ್ಟ. ವಾರಿಜಾಕ್ಷಿ ಫೋನಿನ ಹತ್ತಿರ ಸರಿದು ಕುಳಿತಳು.

"ಇಲ್ಲ," ಎಂದ ಅವನು. "ಸರಿ ಇಲ್ಲ."

"ಏನಾಯ್ತು?"

"ಈಗ ಆದದ್ದಲ್ಲ. ನೀನು ಹೋದಂದಿನಿಂದ ಸರಿ ಇರಲಿಲ್ಲ. ಸಾತ್ವಿಕಾಳಿಗೆ ಡೆಂಗ್ಯೂ ಆಗಿತ್ತು, ನಿನಗೆ ಶೀತ ಅಂತ ಹೇಳಿದೆ. ಅಪ್ಪ ಹೋದ ಮೇಲೆ ನನಗೆ ಎಷ್ಟೋ ತಿಂಗಳು ಈ ಅಡುಗೆಮನೆಗೆ ಬರಲಿಕ್ಕೇ ಆಗ್ತಿರಲಿಲ್ಲ, ಹೋಟೆಲಿನಿಂದ ತಂದು ಹಾಕಿದೆ. ನಿನ್ನೆ ನಿನ್ನನ್ನು ಬಿಟ್ಟು ಬರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿ ಕೂತಿದ್ದೆ. ಯಾವುದೂ ಸರಿ ಇಲ್ಲ ಮೋಕ್ಷಿತಾ."

ಆ ಕಡೆಯಿಂದ ಅಳುವ ಸದ್ದು ಮಾತ್ರ ಕೇಳಿತು. ಆ ಅಳುವಿನ ನಡುವೆಯೇ ಅವಳು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ದರೆ ನೀನು ಬಂದುಬಿಡ್ತಿದ್ದಿ."

"ಹೌದು," ಎಂದಳು ಮೋಕ್ಷಿತಾ. "ಬಂದುಬಿಡ್ತಿದ್ದೆ."